ದಂಡಿನವರ ಮೂಲ, ಹೆಳವರ ಹೊತ್ತಿಗೆ



ಹೈದರಾಬಾದಿನ ಮಲಕ್‌ಪೇಟೆಯ ಹತ್ತಿರ, ಗುಡ್ಡದ ಮೇಲೊಂದು ಫ್ರೆಂಚ್ ಸೇನಾಧಿಕಾರಿಯ ಗೋರಿ ಇದೆ. ಮಿಶೆಲ್ ರೇಮೊಂ ಅವನ ಹೆಸರು. 1755ರಲ್ಲಿ ಗ್ಯಾಸ್ಕನಿ ಸೀಮೆಯ ವ್ಯಾಪಾರಿಯೊಬ್ಬನ ಮನೆಯಲ್ಲಿ ಹುಟ್ಟಿ, ಇಪ್ಪತ್ತರ ಹರೆಯದಲ್ಲಿ ಪುದುಚೇರಿಗೆ ಬಂದ. ಮೈಸೂರಿನ ಸೈನ್ಯದಲ್ಲಿದ್ದ ಫ್ರೆಂಚ್ ತುಕಡಿಯಲ್ಲಿ ದುಡಿದ. ಆಮೇಲೆ ನಿಜಾಮನ ಚಾಕರಿ ಹಿಡಿದು, ಅಲ್ಲೇ ನೆಲೆನಿಂತು, 1798ರ ಮಾರ್ಚ್‌ನಲ್ಲಿ ತೀರಿಕೊಂಡ. ಹಿಂದೂಗಳು ಅವನನ್ನು ಮೂಸಾರಾಮ್ ಎಂದರು, ಮುಸಲ್ಮಾನರು ಮೂಸಾ ರಹೀಮ್ ಎಂದರು.

ಇಂಥವರ ವಂಶ ಹುಡುಕುವುದಕ್ಕೆ ಫ್ರಾನ್ಸಿನಲ್ಲಿ ದಾರಿ ಸಲೀಸು. ಮಗುವಿನ ದೀಕ್ಷಾಸ್ನಾನವನ್ನು ಚರ್ಚು ದಾಖಲಿಸಬೇಕೆಂದು 1539ರಲ್ಲೇ ರಾಜಾಜ್ಞೆಯಾಗಿತ್ತು. 1792ರಲ್ಲಿ ಹುಟ್ಟು, ಸಾವು, ಮದುವೆ ಬರೆದಿಡುವ ಕೆಲಸ ಪುರಸಭೆಗಳ ಪಾಲಿಗೆ ಬಂತು. ಪುದುಚೇರಿಯ ಫ್ರೆಂಚರ ದಾಖಲೆಗಳು ಎಕ್ಸ್-ಆನ್-ಪ್ರೊವಾನ್ಸ್ ನಗರದ ಪತ್ರಾಗಾರದಲ್ಲಿವೆ.

ಆದರೆ ರೇಮೊಂನ ಕೈಕೆಳಗೆ ಬಂದೂಕು ಹೊತ್ತ ಸಿಪಾಯಿಗಳು? ಅವನು ಸತ್ತ ವರ್ಷವೇ, ಅಕ್ಟೋಬರ್‌ನಲ್ಲಿ, ಇಂಗ್ಲಿಷರು ಆ ಪಡೆಯ ಆಯುಧ ಕಸಿದು ಮನೆಗೆ ಕಳಿಸಿದಾಗ ಅವರು ಸುಮಾರು 14,000 ಮಂದಿ. ಅವರ ಅಜ್ಜ ಮುತ್ತಜ್ಜರನ್ನು ಯಾವ ಚರ್ಚೂ ಬರೆದಿಟ್ಟಿರಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮನೆತನಗಳದ್ದೂ ಇದೇ ಪಾಡು. ಈ ನೆಲವನ್ನು ಆದಿಲಶಾಹಿ ಆಳಿತು, ಮೊಗಲರು ಆಳಿದರು, ನಿಜಾಮ ಆಳಿದ, 1760ರಲ್ಲಿ ಪೇಶ್ವೆಯ ಕೈಗೆ ಬಂತು. ದಂಡು ಬಂದಾಗ ಊರು ಬಿಟ್ಟವರುಂಟು, ದಂಡಿನೊಂದಿಗೆ ಬಂದು ಇಲ್ಲೇ ಒಕ್ಕಲಾದವರೂ ಉಂಟು. ಇವರ ಮೂಲ ಎಲ್ಲಿ ಹುಡುಕಬೇಕು?

ಹೆಳವರ ಹೊತ್ತಿಗೆಯಲ್ಲಿ. ಎತ್ತಿನ ಮೇಲೆ ಕೂತು ಊರೂರು ತಿರುಗುತ್ತಿದ್ದ ಈ ವಂಶಾವಳಿಗಾರರು ಸುಗ್ಗಿ ಮುಗಿದ ಮೇಲೆ ತಮ್ಮ ಪಾಲಿನ ಮನೆಗಳಿಗೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು ಬಟ್ಟೆಯ ಗಂಟು ಬಿಚ್ಚಿ ಪುಸ್ತಕ ತೆರೆದು ಓದತೊಡಗಿದರೆಂದರೆ ಮನೆಮಂದಿಯೆಲ್ಲ ಸುತ್ತ ನೆರೆಯುತ್ತಾರೆ: ಬೆಡಗು ಯಾವುದು, ಮೂಲ ಊರು ಯಾವುದು, ಯಾವ ಬರಕ್ಕೋ ಜಗಳಕ್ಕೋ ಅಲ್ಲಿಂದ ಕಿತ್ತು ಬಂದದ್ದು, ಯಾರಿಗೆ ಎಷ್ಟು ಮಕ್ಕಳು. ಕೊನೆಗೆ ಹೊಸದಾಗಿ ಹುಟ್ಟಿದ ಕೂಸುಗಳ ಹೆಸರು ಬರೆದುಕೊಂಡು, ಜೋಳವನ್ನೋ ರೊಕ್ಕವನ್ನೋ ಪಡೆದು ಮುಂದಿನ ಮನೆಗೆ ನಡೆಯುತ್ತಾರೆ. ಓದು ಬರಹ ಬಾರದ ರೈತನ ಹತ್ತು ತಲೆಮಾರು ಉಳಿದದ್ದು ಇವರ ದೆಸೆಯಿಂದ. ನಾಡಿನ ಯಾವ ಪತ್ರಾಗಾರಕ್ಕೂ ಇದು ಕಡಿಮೆಯಲ್ಲ.

ಹಾಗೆಂದು ಬರೆದದ್ದೆಲ್ಲ ದಿಟವೆನ್ನಲೂ ಆಗದು. ವಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರೆಕಾರ ಫಿರಿಷ್ತಾ, ಆದಿಲಶಾಹಿಯ ಮೂಲಪುರುಷ ಯೂಸುಫ್‌ನನ್ನು ತುರ್ಕಿ ಸುಲ್ತಾನ ಮುರಾದನ ಮಗನೆಂದೇ ಬರೆದ. ಹಲವು ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಅರಸರ ವಂಶಕ್ಕೇ ಹೀಗೆ ಮೆರುಗು ಹಚ್ಚುವವರಿದ್ದ ಮೇಲೆ, ಮನೆತನದ ಕತೆಯನ್ನೂ ವತನದ ಕಾಗದ, ಹಳೆಯ ಉತಾರ, ಊರ ಮುಂದಿನ ವೀರಗಲ್ಲುಗಳ ಜೊತೆ ಹೋಲಿಸಿಯೇ ನಂಬಬೇಕು.

ಹೆಳವರ ಮಕ್ಕಳೀಗ ಶಾಲೆ ಕಲಿತು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಅದು ಆಗಬೇಕಾದದ್ದೇ. ಆದರೆ ಹೊತ್ತಿಗೆಗಳು ಗೆದ್ದಲಿನ ಪಾಲಾಗಬಾರದು. ಮುಂದಿನ ಸುಗ್ಗಿಗೆ ಅವರು ನಿಮ್ಮ ಬಾಗಿಲಿಗೆ ಬಂದರೆ ಒಂದು ಸೇರು ಜೋಳ ನೀಡಿ ಸಾಗಹಾಕಬೇಡಿ. ಕೂರಿಸಿ, ಓದಿಸಿ, ಅವರ ಒಪ್ಪಿಗೆ ಪಡೆದು ನಿಮ್ಮ ಮನೆತನದ ಹಾಳೆಗಳ ಫೋಟೊ ತೆಗೆದಿಟ್ಟುಕೊಳ್ಳಿ, ಅವರಿಗೆ ಸಲ್ಲಬೇಕಾದ ಕಾಣಿಕೆಯನ್ನು ಕೈತುಂಬ ಕೊಡಿ.