ಮಗುವಿನ ಮಾತಿಗೆ ಶಾಲೆಯ ಆಸರೆ



ಸೊಲ್ಲಾಪುರದಲ್ಲಿ ‘ಸೆಟಲ್‌ಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ. ಬ್ರಿಟಿಷರು ಇಡೀ ಸಮುದಾಯಗಳನ್ನೇ ಮುಳ್ಳುತಂತಿಯೊಳಗೆ ಕೂಡಿಹಾಕಿದ್ದ ವಸತಿಯದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟನ್ನೇ ಅಪರಾಧವೆಂದು ಬಗೆಯಿತು. 1897ರ ತಿದ್ದುಪಡಿಯು 4ರಿಂದ 18 ವರ್ಷದ ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸುವ ಅಧಿಕಾರವನ್ನೂ ಸರಕಾರಕ್ಕಿತ್ತಿತು. 1911ರಲ್ಲಿ ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿದ ಈ ಶಾಸನವು 1952ರ ಆಗಸ್ಟ್ 31ರಂದು ದೇಶದಲ್ಲಿ ಪೂರ್ತಿಯಾಗಿ ರದ್ದಾಯಿತು. ಹೆಸರಿಗಂಟಿದ ಕಳಂಕ ಮಾತ್ರ ಒಂದೇ ದಿನದಲ್ಲಿ ತೊಳೆದುಹೋಗಲಿಲ್ಲ.

ಕಳಂಕ ಹೊತ್ತವರ ಬದುಕನ್ನು ಅವರ ಬಾಯಿಂದಲೇ ಕೇಳಿ ತಿಳಿಯುವುದು ಸಮಾಜಕಾರ್ಯ ಸಂಶೋಧನೆಯ ದಾರಿ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ವಿಜಯ ರಾಘವನ್ ತಮ್ಮ ವೃತ್ತಿಜೀವನವನ್ನು ಈ ದಾರಿಗೆ ಮೀಸಲಿಟ್ಟವರು. ಸಂಸ್ಥೆಯು 1990ರಲ್ಲಿ ಆರಂಭಿಸಿದ ‘ಪ್ರಯಾಸ್’ ಯೋಜನೆಯನ್ನು ಅವರು ದೀರ್ಘಕಾಲ ಮುನ್ನಡೆಸಿದರು. ಅದರ ಕಾರ್ಯಕರ್ತರು ಠಾಣೆ, ನ್ಯಾಯಾಲಯ, ಸೆರೆಮನೆಗಳಲ್ಲಿ ಬಂದಿಗಳ ಜೊತೆ ಕೆಲಸ ಮಾಡುತ್ತಾರೆ.

2015ರ ಬಾಲನ್ಯಾಯ ಕಾಯಿದೆಯಲ್ಲಿಯೂ ಇದೇ ವಿವೇಕವಿದೆ. ಮಂಡಳಿಯಲ್ಲಿ ಒಬ್ಬ ದಂಡಾಧಿಕಾರಿಯೊಡನೆ ಇಬ್ಬರು ಸಮಾಜಕಾರ್ಯಕರ್ತರು ಇರುತ್ತಾರೆ. ಮಗುವನ್ನು ಮೊದಲು ಹಾಜರುಪಡಿಸಿದ 15 ದಿನಗಳೊಳಗೆ ಸಾಮಾಜಿಕ ತನಿಖಾ ವರದಿ ಸಲ್ಲಬೇಕು. ಮಗು ಶಾಲೆ ಬಿಟ್ಟ ಕಾರಣ, ಶಿಕ್ಷಕರೂ ಸಹಪಾಠಿಗಳೂ ಅದನ್ನು ಕಾಣುವ ಬಗೆ, ಇವೂ ಆ ವರದಿಯ ಅಂಶಗಳೇ.

ಅಕ್ಕಲಕೋಟದ ಕನ್ನಡ ಮನೆಯ ಬಾಲಕನೊಬ್ಬ ಸೊಲ್ಲಾಪುರದಲ್ಲಿ ಮಂಡಳಿಯ ಮುಂದೆ ನಿಂತನೆಂದು ಭಾವಿಸಿರಿ. ಸಂತೆಗೆ ಸಾಲುವಷ್ಟು ಮರಾಠಿ ಅವನಿಗೆ ಬಂದೀತು. ಅಪ್ಪ ಕುಡಿದು ಬಡಿದ ರಾತ್ರಿಯನ್ನು, ಅವ್ವ ಮನೆ ಬಿಟ್ಟ ದಿನವನ್ನು ಹೇಳಲು ಅದು ಸಾಲದು. ಆಘಾತದಿಂದ ಹುಟ್ಟಿದ ಮೌನವನ್ನು ಕೇಳುವವರು ಹಟವೆಂದು ತಿಳಿದಾರು. ನಡಾವಳಿಯ ಭಾಷೆ ತಿಳಿಯದ ಮಗುವಿಗೆ ಮಂಡಳಿಯು ದುಭಾಷಿಯನ್ನು ಒದಗಿಸಬೇಕೆಂದು ಕಾಯಿದೆಯ 8ನೆಯ ಕಲಮು ವಿಧಿಸುತ್ತದೆ. ಈ ಹಕ್ಕನ್ನು ಪಾಲಕರಿಗೆ ಅವರ ನುಡಿಯಲ್ಲಿಯೇ ತಿಳಿಸಬಲ್ಲವರು ಕನ್ನಡ ಶಾಲೆಯ ಗುರುಗಳು.

ವರದಿಗಾಗಿ ಅಧಿಕಾರಿ ಶಾಲೆಗೆ ಬಂದಾಗ ‘ಹುಡುಗ ಉಡಾಳ’ ಎಂದು ಮಾತು ಮುಗಿಸಬಾರದು. ಯಾವ ತಿಂಗಳಿಂದ ಹಾಜರಿ ತಪ್ಪಿತು, ಅದಕ್ಕೂ ಮುಂಚೆ ಹೇಗೆ ಓದುತ್ತಿದ್ದ, ಯಾವ ಕೆಲಸದಲ್ಲಿ ಅವನ ಕೈ ಚುರುಕು ಎಂಬುದನ್ನು ಕಂಡಂತೆ ಹೇಳಬೇಕು. ಇಂಥ ಮಗುವಿನ ಹೆಸರು, ವಿಳಾಸ, ಶಾಲೆಯನ್ನು ಪ್ರಕಟಿಸುವುದನ್ನು 74ನೆಯ ಕಲಮು ನಿಷೇಧಿಸುತ್ತದೆ. ಅವನು ಮರಳಿ ಬಂದ ಮೇಲೆ ತರಗತಿಯಲ್ಲಿಯೂ ಆ ಪ್ರಸ್ತಾಪ ಸಲ್ಲದು.

ಅಂದು ಸೆಟಲ್‌ಮೆಂಟಿನಲ್ಲಿಯೂ ಹಾಜರಿ ಕರೆಯುತ್ತಿದ್ದರು. ಅದು ಸಂಶಯದ ಹಾಜರಿ. ಶಾಲೆಯಲ್ಲಿ ಹೆಸರು ಕೂಗಿದಾಗ ಮಗುವಿಗೆ ತಾನು ಇಲ್ಲಿಯವನೆಂಬ ಧೈರ್ಯ ಬರಬೇಕು.