ಕಾಫಿ, ಟೀ ಮತ್ತು ಊಟದ ವೇಳೆ



ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳಿಗ್ಗೆ ಇಬ್ಬರು ಪರಿಚಿತರು ಎದುರಾದರೆ ಮೊದಲು ಬರುವ ಮಾತು "ಕಾಫಿ ಆಯ್ತಾ?" ಎಂಬುದು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಅನೇಕ ಮನೆಗಳಿಗೆ ಬೆಳಗಾಗುವುದೇ ಡಿಕಾಕ್ಷನ್ ಇಳಿದ ಮೇಲೆ. ಆದರೆ ಚಾಮರಾಜಪೇಟೆಯಿಂದ ಸ್ವಲ್ಪ ದೂರ ನಡೆದು ಕಲಾಸಿಪಾಳ್ಯಕ್ಕೆ ಬನ್ನಿ. ಮುಂಜಾನೆ ಐದು ಗಂಟೆಗೆ ಅಲ್ಲಿ ಲಾರಿಗಳಿಂದ ಮೂಟೆ ಇಳಿಯುತ್ತಿರುತ್ತದೆ, ಬಸ್ಸುಗಳಿಂದ ಜನ ಇಳಿಯುತ್ತಿರುತ್ತಾರೆ, ತರಕಾರಿ ವ್ಯಾಪಾರ ಜೋರಾಗಿರುತ್ತದೆ. ಅಲ್ಲಿನ ಚಾಲಕರ, ಹಮಾಲಿಗಳ, ವ್ಯಾಪಾರಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ಕಾಫಿಯ ಲೋಟವಲ್ಲ, ಟೀ ಗ್ಲಾಸು.

ಇದು ಕೇವಲ ರುಚಿಯ ವ್ಯತ್ಯಾಸವೇ? ಅಥವಾ ಇದರ ಹಿಂದೆ ಬೇರೆ ಕಾರಣಗಳಿವೆಯೇ? ಎರಡರಲ್ಲಿ ನಮ್ಮ ದೇಹಕ್ಕೆ ಯಾವುದು ಒಳ್ಳೆಯದು? ನಾನು ವಿಜ್ಞಾನದ ಪದವಿ ಪಡೆದು ದೂರದರ್ಶನಕ್ಕೆ ಬಂದವನು. ರಾತ್ರಿ ಸಂಕಲನದ ಕೆಲಸವಿದ್ದಾಗ ನನ್ನ ಪಕ್ಕದಲ್ಲೂ ಒಂದು ಫ್ಲಾಸ್ಕ್ ಇರುತ್ತದೆ. ಹೀಗಾಗಿ ಯಾವ ಪಕ್ಷವನ್ನೂ ವಹಿಸದೆ, ಈ ಎರಡು ಪೇಯಗಳನ್ನು ಪಕ್ಕಪಕ್ಕದಲ್ಲಿಟ್ಟು ನಿಮ್ಮೊಡನೆ ಪರಿಶೀಲಿಸಬೇಕೆಂದಿದ್ದೇನೆ.

ಮೊದಲು ಇವೆರಡೂ ನಮ್ಮಲ್ಲಿಗೆ ಬಂದ ಬಗೆಯನ್ನು ನೋಡೋಣ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಇಂದು ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಟೀ ಗಿಡದ ಕತೆ ಬೇರೆ. ಅಸ್ಸಾಮಿನಲ್ಲಿ ತಾನಾಗಿಯೇ ಬೆಳೆಯುತ್ತಿದ್ದ ಈ ಗಿಡ 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟಿಷ್ ವ್ಯಾಪಾರಿಯ ಗಮನಕ್ಕೆ ಬಂತು. 1839ರಲ್ಲಿ ಅಸ್ಸಾಮಿನ ಟೀ ಲಂಡನ್ನಿನಲ್ಲಿ ಹರಾಜಾಯಿತು. ಕರ್ನಾಟಕದಲ್ಲಿಯೂ ಸಕಲೇಶಪುರದ ಕಾಡುಮನೆಯಂಥ ಕೆಲವು ಕಡೆ ಟೀ ತೋಟಗಳಿವೆ. ಆದರೆ ಕಾಫಿಯ ಮುಂದೆ ಅವು ಬಹಳ ಕಡಿಮೆ.

ಹೆಸರುಗಳಲ್ಲೂ ಒಂದು ಸ್ವಾರಸ್ಯವಿದೆ. ಬೆಂಗಳೂರಿನಲ್ಲಿ ನಾವು 'ಟೀ' ಎನ್ನುತ್ತೇವೆ, ಧಾರವಾಡದಲ್ಲಿ 'ಚಹಾ' ಎನ್ನುತ್ತಾರೆ, ಮಂಗಳೂರಿನಲ್ಲಿ 'ಚಾ' ಎನ್ನುತ್ತಾರೆ. ಇವೆಲ್ಲದರ ಮೂಲ ಚೀನಾ. ಅಲ್ಲಿನ ಫುಜಿಯನ್ ಕರಾವಳಿಯ ಜನ ಇದನ್ನು 'ತೆ' ಎಂದರು. ಡಚ್ಚರ ಹಡಗುಗಳಲ್ಲಿ ಅದು ಯೂರೋಪಿಗೆ ಹೋಗಿ 'ಟೀ' ಆಯಿತು. ಚೀನಾದ ಉಳಿದ ಬಹುಭಾಗ 'ಚಾ' ಎಂದಿತು. ಆ ಹೆಸರು ಪರ್ಷಿಯಾ, ಉತ್ತರ ಭಾರತ, ಮಹಾರಾಷ್ಟ್ರಗಳ ಕಡೆಗೆ ಹರಡಿತು. ಹೀಗೆ ಇಂಗ್ಲಿಷಿನ ಬಾಗಿಲಿನಿಂದ ಒಂದು, ಉತ್ತರದ ಬಾಗಿಲಿನಿಂದ ಇನ್ನೊಂದು, ಎರಡೂ ಕನ್ನಡದ ಮನೆಗೆ ಬಂದವು.

ಈಗ ಮೊದಲ ಪ್ರಶ್ನೆಗೆ ಬರೋಣ. ಕಾಫಿ ಬೆಳೆಯುವ ನಾಡಿನ ರಾಜಧಾನಿಯಲ್ಲಿ, ಕಾಫಿ ಮಂಡಳಿಯ ಕೇಂದ್ರ ಕಚೇರಿಯಿರುವ ಊರಿನಲ್ಲಿ, ಕಲಾಸಿಪಾಳ್ಯವೇಕೆ ಟೀ ಕುಡಿಯುತ್ತದೆ? ಒಂದು ಸಣ್ಣ ಲೆಕ್ಕ ಮಾಡಿ. ಒಂದು ಗ್ಲಾಸು ಟೀಗೆ ಸುಮಾರು 2 ಗ್ರಾಂ ಪುಡಿ ಸಾಕು. ಹಾಗಾದರೆ ಒಂದು ಕಿಲೋ ಪುಡಿಯಿಂದ 500 ಗ್ಲಾಸು ಟೀ. ಒಂದು ಲೋಟ ಒಳ್ಳೆಯ ಕಾಫಿಗೆ ಸುಮಾರು 10 ಗ್ರಾಂ ಪುಡಿ ಬೇಕು. ಅಂದರೆ ಒಂದು ಕಿಲೋದಿಂದ 100 ಲೋಟ ಮಾತ್ರ. ಟೀ ಅಂಗಡಿಗೆ ಒಂದು ಒಲೆ, ಒಂದು ಪಾತ್ರೆ, ಒಂದು ಸೋಸುವ ಬಟ್ಟೆ ಇದ್ದರೆ ವ್ಯಾಪಾರ ನಡೆಯುತ್ತದೆ. ಕಾಫಿಗೆ ಹೊಸದಾಗಿ ಹುರಿದ ಪುಡಿ, ಫಿಲ್ಟರ್, ಡಿಕಾಕ್ಷನ್ ಇಳಿಯುವಷ್ಟು ವ್ಯವಧಾನ, ಬೇರೆಯಾಗಿ ಕಾದ ಹಾಲು ಎಲ್ಲವೂ ಬೇಕು.

ಇನ್ನೊಂದು ಕಾರಣ ಯಂತ್ರದ್ದು. 1930ರ ಸುಮಾರಿನಲ್ಲಿ ಅಸ್ಸಾಮಿನ ತೋಟವೊಂದರಲ್ಲಿ ವಿಲಿಯಂ ಮೆಕರ್ಚರ್ ಎಂಬಾತ ಸಿ.ಟಿ.ಸಿ. ಯಂತ್ರವನ್ನು ರೂಪಿಸಿದ. ಎಲೆಯನ್ನು ಹಿಸುಕಿ, ಹರಿದು, ಸುರುಳಿಮಾಡಿ ಸಣ್ಣ ಕಾಳುಗಳಾಗಿಸುವ ಯಂತ್ರ ಇದು. ಆ ಕಾಳುಗಳಿಂದ ಬಣ್ಣವೂ ಕಡುರುಚಿಯೂ ಬೇಗ ಬಿಡುತ್ತವೆ. ಹಾಲು ಸಕ್ಕರೆ ಹಾಕಿ ಕುದಿಸಿದರೂ ಸಪ್ಪೆಯಾಗುವುದಿಲ್ಲ. ಇದರ ಜೊತೆಗೆ ಪ್ರಚಾರವೂ ಸೇರಿತು. ಟೀ ಬೆಳೆಗಾರರ ಮೇಲೆ ಹಾಕಿದ ಸುಂಕದ ಹಣದಿಂದ ರೈಲ್ವೆ ನಿಲ್ದಾಣಗಳಲ್ಲಿ ಫಲಕ ಹಾಕಿ, ಊರೂರಲ್ಲಿ ಟೀ ಮಾಡಿ ತೋರಿಸಿ, ಭಾರತೀಯರಿಗೆ ಟೀ ಅಭ್ಯಾಸ ಮಾಡಿಸಲಾಯಿತು. ಕಾಫಿಯವರೂ ಸುಮ್ಮನಿರಲಿಲ್ಲ, 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದರು. ಮುಂದೆ ಮಂಡಳಿಯು ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರು 1957ರಲ್ಲಿ ಬೆಂಗಳೂರಿನಲ್ಲೇ ತಮ್ಮ ಸಹಕಾರ ಸಂಘವನ್ನು ಕಟ್ಟಿ ಅವುಗಳನ್ನು ತಾವೇ ನಡೆಸತೊಡಗಿದರು. ಕೊನೆಗೆ ಉಳಿದ ಫಲಿತಾಂಶ ಇದು: ಭಾರತ ತಾನು ಬೆಳೆದ ಟೀಯಲ್ಲಿ ಸುಮಾರು ಶೇಕಡಾ 80ರಷ್ಟನ್ನು ತಾನೇ ಕುಡಿಯುತ್ತದೆ, ಬೆಳೆದ ಕಾಫಿಯಲ್ಲಿ ಹೆಚ್ಚಿನ ಪಾಲನ್ನು ಹೊರದೇಶಗಳಿಗೆ ಕಳಿಸುತ್ತದೆ.

ಇನ್ನು ಲೋಟದೊಳಗಿನ ವಿಜ್ಞಾನ. ಕಲಾಸಿಪಾಳ್ಯದ ಮಾರುಕಟ್ಟೆಯಿಂದ ಒಂದು ಬದನೆಕಾಯಿ ತಂದು ಹೆಚ್ಚಿಡಿ. ಸ್ವಲ್ಪ ಹೊತ್ತಿನಲ್ಲೇ ಅದು ಕಂದಾಗುತ್ತದೆ. ಅದರ ಜೀವಕೋಶಗಳು ಒಡೆದಾಗ ಒಳಗಿನ ಒಂದು ಕಿಣ್ವ ಗಾಳಿಯ ಆಮ್ಲಜನಕದೊಡನೆ ಸೇರಿ ಪಾಲಿಫಿನಾಲ್ ಎಂಬ ವಸ್ತುಗಳನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ಹಸಿರು ಟೀ ಎಲೆ ಕಪ್ಪು ಟೀಪುಡಿಯಾಗುವುದೂ ಇದೇ ಕ್ರಿಯೆಯಿಂದ. ಕಾಫಿ ಬೀಜದ್ದು ಬೇರೆ ದಾರಿ. ಅದಕ್ಕೆ ಬೇಕಾದದ್ದು ಬೆಂಕಿ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖದಲ್ಲಿ ಬೀಜದ ಸಕ್ಕರೆಗಳೂ ಅಮೈನೋ ಆಮ್ಲಗಳೂ ಕೂಡಿ ನೂರಾರು ಪರಿಮಳದ ವಸ್ತುಗಳಾಗುತ್ತವೆ. 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಕಾವಲಿಯ ಮೇಲೆ ದೋಸೆ ಕೆಂಪಗಾಗಿ ಘಮ್ಮೆನ್ನುವುದರಲ್ಲೂ ಇದೇ ಕ್ರಿಯೆಯ ಪಾತ್ರವಿದೆ. ಒಂದು ಬದನೆಕಾಯಿಯ ದಾರಿ, ಇನ್ನೊಂದು ದೋಸೆಯ ದಾರಿ ಎಂದು ನೆನಪಿಟ್ಟುಕೊಳ್ಳಿ.

ದಾರಿ ಬೇರೆಯಾದರೂ ಎರಡರಲ್ಲೂ ನಮ್ಮನ್ನು ಎಚ್ಚರಿಸುವ ವಸ್ತು ಒಂದೇ. 1819ರಲ್ಲಿ ಜರ್ಮನಿಯ ಕವಿ ಗಯಟೆ ಅವರು ರುಂಗೆ ಎಂಬ ತರುಣ ರಸಾಯನಶಾಸ್ತ್ರಜ್ಞನಿಗೆ ಒಂದಿಷ್ಟು ಕಾಫಿ ಬೀಜ ಕೊಟ್ಟು ಅದರಲ್ಲೇನಿದೆ ನೋಡು ಎಂದರು. ರುಂಗೆ ಬೇರ್ಪಡಿಸಿದ ವಸ್ತುವೇ ಕೆಫೀನ್. 1827ರಲ್ಲಿ ಟೀಯಿಂದ ಬೇರ್ಪಡಿಸಿದ ವಸ್ತುವಿಗೆ 'ಥೀನ್' ಎಂದು ಹೆಸರಿಟ್ಟರು. 1838ರಲ್ಲಿ ಎರಡೂ ಒಂದೇ ಎಂದು ಗೊತ್ತಾಯಿತು. ತೂಕಕ್ಕೆ ತೂಕ ನೋಡಿದರೆ ಟೀಪುಡಿಯಲ್ಲಿ ಅರೇಬಿಕಾ ಕಾಫಿಪುಡಿಗಿಂತ ಹೆಚ್ಚು ಕೆಫೀನ್ ಇದೆ. ಆದರೆ ಲೋಟಕ್ಕೆ ಬೀಳುವ ಪುಡಿ ಕಡಿಮೆಯಾದ್ದರಿಂದ ಕುಡಿಯುವಾಗ ಲೆಕ್ಕ ತಿರುಗುಮುರುಗಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರಿನ ಒಂದು ಲೋಟ ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂಬುದು ಅದರ ಸಲಹೆ. ನಮ್ಮ ಕಾಫಿಪುಡಿಯಲ್ಲಿ ಸಾಮಾನ್ಯವಾಗಿ ಬೆರೆಸುವ ಚಿಕೋರಿ ಒಂದು ಗಿಡದ ಬೇರು. ಅದರಲ್ಲಿ ಕೆಫೀನ್ ಇಲ್ಲ. ಎಷ್ಟು ಬೆರೆಸಿದ್ದಾರೆಂಬುದು ಪೊಟ್ಟಣದ ಮೇಲಿರುತ್ತದೆ, ಓದಿ ನೋಡಿ.

ಇಲ್ಲಿಯವರೆಗಿನದು ಕುತೂಹಲದ ಮಾತು. ಇನ್ನು ಹೇಳುವುದು ನಿಮ್ಮ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ್ದು. ಬದನೆಕಾಯಿಯ ಮಾತಿನಲ್ಲಿ ಪಾಲಿಫಿನಾಲ್ ಎಂದೆನಲ್ಲ, ಟೀಗೆ ಒಗರು ಕೊಡುವ ಟ್ಯಾನಿನ್ನುಗಳೂ ಅದೇ ಬಳಗದವು. ಅವು ಆಹಾರದಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು ರಕ್ತಕ್ಕೆ ಹೋಗದಂತೆ ತಡೆಯುತ್ತವೆ. ಇದನ್ನು ಕಣ್ಣಾರೆ ನೋಡಬೇಕೇ? ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅಧ್ಯಾಪಕರ ಎದುರಿನಲ್ಲಿ, ಹಾಲು ಹಾಕದ ಟೀ ಡಿಕಾಕ್ಷನ್ನಿಗೆ ಕೆಲವು ತೊಟ್ಟು ಫೆರಿಕ್ ಕ್ಲೋರೈಡ್ ದ್ರಾವಣ ಹಾಕಿ. ಅದು ಶಾಯಿಯಂತೆ ಕಪ್ಪಾಗುತ್ತದೆ. ಹಿಂದಿನ ಕಾಲದಲ್ಲಿ ಬರೆಯುವ ಶಾಯಿಯನ್ನು ಟ್ಯಾನಿನ್ ಮತ್ತು ಕಬ್ಬಿಣದಿಂದಲೇ ಮಾಡುತ್ತಿದ್ದರು. ಇದನ್ನು ಕುಡಿಯಬೇಡಿ, ನೋಡಿ ಚೆಲ್ಲಿಬಿಡಿ.

1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಬಗೆಯ ಊಟದ ಜೊತೆ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇಕಡಾ 39ರಷ್ಟು ಇಳಿಯಿತು. ಟೀ ಕುಡಿದಾಗ ಶೇಕಡಾ 64ರಷ್ಟು ಇಳಿಯಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಯಾವ ಬಾಧೆಯೂ ಆಗಲಿಲ್ಲ. ಊಟವಾದ ಒಂದು ಗಂಟೆಗೆ ಕುಡಿದಾಗ ಮಾತ್ರ ಜೊತೆಯಲ್ಲಿ ಕುಡಿದಷ್ಟೇ ನಷ್ಟವಾಯಿತು. ಹೊಟ್ಟೆಯಲ್ಲಿ ಆಹಾರ ಇನ್ನೂ ಇರುತ್ತದಲ್ಲ, ಅದಕ್ಕೆ.

ನಮ್ಮ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ, ಹುಡುಗರಲ್ಲಿ ಶೇಕಡಾ 31 ಮಂದಿಗೆ ರಕ್ತಹೀನತೆ ಕಂಡುಬಂತು. ಎಂದರೆ ಈ ಪುಟ ಓದುತ್ತಿರುವ ನಿಮ್ಮದೇ ವಯಸ್ಸಿನವರು. ರಕ್ತಹೀನತೆಗೆ ಬಡತನ, ಜಂತುಹುಳು, ಪೌಷ್ಟಿಕ ಆಹಾರದ ಕೊರತೆ ಹೀಗೆ ಹಲವು ಕಾರಣಗಳಿವೆ. ಟೀ ಒಂದನ್ನೇ ದೂರಬಾರದು. ಆದರೆ ಬಸ್ಸಿಗೆ ಹೊತ್ತಾಯಿತೆಂದು ತಿಂಡಿ ಬಿಟ್ಟು ಬನ್ನಿನ ಜೊತೆ ಟೀ ಕುಡಿದು ಓಡುವ ಹುಡುಗಿಗೆ ಎರಡು ನಷ್ಟ. ತಿನ್ನಬೇಕಾದ ಕಬ್ಬಿಣ ತಿನ್ನಲಿಲ್ಲ. ತಿಂದ ಸ್ವಲ್ಪವೂ ದಕ್ಕಲಿಲ್ಲ. ಕಲಾಸಿಪಾಳ್ಯದಲ್ಲಿ ಹಸಿವು ತಡೆಯಲು ಮೇಲಿಂದ ಮೇಲೆ ಟೀ ಕುಡಿದು ಮೂಟೆ ಹೊರುವ ದುಡಿಮೆಗಾರನ ವಿಷಯದಲ್ಲೂ ಇದೇ ಮಾತು. ಟೀ ಅವನಿಗೆ ಅಗ್ಗದ ಪೇಯವೇನೋ ಹೌದು. ಊಟದ ಬದಲು ಕುಡಿದರೆ ಅದರಷ್ಟು ದುಬಾರಿ ಬೇರೆ ಇಲ್ಲ.

ಎರಡನೆಯ ಸಂಗತಿ ನಿದ್ರೆ. ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗಿ ನಿದ್ರೆ ಬರಿಸುತ್ತದೆ. ಕೆಫೀನ್ ಆ ವಸ್ತು ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಆಯಾಸ ಹೋಗುವುದಿಲ್ಲ, ಆಯಾಸದ ಸುದ್ದಿ ತಲುಪುವುದಿಲ್ಲ, ಅಷ್ಟೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಕಾಫಿಯ ಅರ್ಧ ಕೆಫೀನ್ ರಾತ್ರಿ ಹನ್ನೊಂದಕ್ಕೂ ನಿಮ್ಮೊಳಗಿರುತ್ತದೆ. ಓದಿದ್ದು ನೆನಪಿನಲ್ಲಿ ನೆಲೆಯೂರುವುದು ನಿದ್ರೆಯಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ಲೋಟದ ಮೇಲೆ ಲೋಟ ಕುಡಿಯುವವರು ಇದನ್ನು ಯೋಚಿಸಬೇಕು. ಯೂರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2015ರಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ಕೆಫೀನ್ ಎಂಬ ಮಿತಿಯನ್ನು ಹೇಳಿತು. 45 ಕಿಲೋ ತೂಗುವ ವಿದ್ಯಾರ್ಥಿಗೆ ಅದು 135 ಮಿಲಿಗ್ರಾಂ. ಒಂದು ಲೋಟ ಗಟ್ಟಿ ಕಾಫಿಗೇ ಮಿತಿ ಹತ್ತಿರವಾಗುತ್ತದೆ.

ಸಕ್ಕರೆಯನ್ನೂ ಮರೆಯಬೇಡಿ. ಲೋಟಕ್ಕೆ ಎರಡು ಚಮಚ, ಅಂದರೆ ಸುಮಾರು 10 ಗ್ರಾಂ. ದಿನಕ್ಕೆ ನಾಲ್ಕು ಲೋಟವಾದರೆ 40 ಗ್ರಾಂ. ದಿನಕ್ಕೆ 25 ಗ್ರಾಂನೊಳಗಿದ್ದರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಹಾಗಾದರೆ ಕಾಫಿಯೋ, ಟೀಯೋ? ಕೆಫೀನ್ ಕಡಿಮೆ ಬೇಕೆನ್ನುವವರಿಗೆ ಟೀ ಮೇಲು. ಕಬ್ಬಿಣದ ದೃಷ್ಟಿಯಿಂದ ಕಾಫಿ ತುಸು ಮೇಲು. ಒಂದು ಗೆದ್ದ ಕಡೆ ಇನ್ನೊಂದು ಸೋಲುತ್ತದೆ. ಆದ್ದರಿಂದ ಯಾವುದನ್ನು ಕುಡಿಯುತ್ತೀರಿ ಎಂಬುದಕ್ಕಿಂತ ಯಾವಾಗ, ಎಷ್ಟು, ಯಾವುದರ ಬದಲಿಗೆ ಕುಡಿಯುತ್ತೀರಿ ಎಂಬುದೇ ಮುಖ್ಯ. ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವಂತೆ ಊಟ ತಿಂಡಿಗೆ ಕಡೇಪಕ್ಷ ಒಂದು ಗಂಟೆ ಹಿಂದೆ ಮುಂದೆ ಎರಡನ್ನೂ ದೂರವಿಡಿ; ಊಟದ ನಂತರ ಇನ್ನೂ ಸ್ವಲ್ಪ ತಡೆದರೆ ಮತ್ತೂ ಒಳ್ಳೆಯದು. ಸೊಪ್ಪು, ಕಾಳುಗಳ ಊಟದ ಜೊತೆ ನಿಂಬೆರಸವನ್ನೋ ನೆಲ್ಲಿಕಾಯಿಯನ್ನೋ ಸೇರಿಸಿಕೊಳ್ಳಿ. ಅವುಗಳಲ್ಲಿರುವ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಸಂಜೆಯ ಮೇಲೆ ಹಾಲು, ಮಜ್ಜಿಗೆ, ನೀರು ಸಾಕು.

ಕೊನೆಗೆ ಒಂದು ಚಿಕ್ಕ ಕೆಲಸ. ಒಂದು ವಾರ ನಿಮ್ಮ ಮನೆಯಲ್ಲಿ ಯಾರು, ಯಾವ ಹೊತ್ತಿಗೆ, ಯಾವುದನ್ನು ಎಷ್ಟು ಲೋಟ ಕುಡಿದರು, ಅದಕ್ಕೂ ಊಟಕ್ಕೂ ಎಷ್ಟು ಅಂತರವಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಮ್ಮನ ಹೆಸರನ್ನು ಬಿಡಬೇಡಿ. ಎಲ್ಲರಿಗೂ ಬಡಿಸಿ ಕೊನೆಗೆ ಉಂಡು, ಉಂಡ ಕೂಡಲೇ ಉಳಿದ ಡಿಕಾಕ್ಷನ್ ಬೆರೆಸಿ ಕುಡಿಯುವವರು ಅನೇಕ ಮನೆಗಳಲ್ಲಿ ಅವರೇ. ವಾರ ಕಳೆದ ಮೇಲೆ ಆ ಲೆಕ್ಕವನ್ನು ಅವರಿಗೆ ಓದಿ ಹೇಳಿ.