ಹಳೆಯ ಕಾರಿನ ಮುಂಭಾಗ ಬಿಚ್ಚುವ ಮುನ್ನ

ಯರಗೇರಾದಂಥ ಊರಿನ ಅಂಗಳವೊಂದರಲ್ಲಿ ಹಳೆಯ ಅಂಬಾಸಿಡರ್ ಕಾರು ನಿಂತಿದ್ದರೆ ಆಶ್ಚರ್ಯವೇನಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದಕ್ಕೆ ಮರುಜೀವ ಕೊಡಹೊರಟವರು ಮುಂಚಕ್ರದ ಬಳಿ ಪಾನಾ ಹಿಡಿಯುವ ಮುನ್ನ ಒಂದು ಮಾತು ತಿಳಿದಿರಬೇಕು.

ಇದರ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗು ಕಾಣದು. ಆ ಕೆಲಸ ಮಾಡುವುದು ಟಾರ್ಷನ್ ಬಾರ್ ಎಂಬ ಉದ್ದನೆಯ ಉಕ್ಕಿನ ಸಲಾಕೆ. ಅದರ ಒಂದು ತುದಿ ಕಾರಿನ ಚೌಕಟ್ಟಿಗೆ, ಇನ್ನೊಂದು ಚಕ್ರ ಹೊತ್ತ ಕೆಳತೋಳಿನ ಬುಡಕ್ಕೆ ಸೇರಿರುತ್ತದೆ. ಕಾರಿನ ಭಾರಕ್ಕೆ ಸಲಾಕೆ ತಿರುಚಿಕೊಳ್ಳುತ್ತದೆ. ಹುರಿಹಾಕಿದ ಹಗ್ಗದ ತುದಿ ಬಿಟ್ಟರೆ ಏನಾಗುವುದೆಂದು ಹಗ್ಗ ಹೊಸೆದವರಿಗೆ ಹೇಳಬೇಕಾಗಿಲ್ಲ. ಚಕ್ರ ನೆಲ ಬಿಟ್ಟರೂ ಆ ಹುರಿ ಪೂರ್ತಿ ಇಳಿದಿರುವುದಿಲ್ಲ. ಅವಸರದಿಂದ ಮೇಲಿನ ಕೀಲು ಕಳಚಿದರೆ ತೋಳು ಕೆಳಕ್ಕೆ ಬಡಿದು ಕೈ ಮುರಿದೀತು.

ಆದ್ದರಿಂದ ಹಿಂಚಕ್ರಗಳಿಗೆ ಅಡ್ಡಗಲ್ಲು ಇಡಿ. ಕಾರನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಕೆಳತೋಳಿನಡಿ ಜಾಕ್ ಕೊಟ್ಟ ನಂತರವೇ ಕೀಲು ಬಿಚ್ಚಿ, ಜಾಕನ್ನು ಮೆಲ್ಲಗೆ ಇಳಿಸಿ. ಸಲಾಕೆಗಳಿಗೆ ಎಡ, ಬಲ ಎಂದು ಬಣ್ಣದಿಂದ ಗುರುತು ಹಾಕಿ. ವರ್ಷಗಟ್ಟಲೆ ಒಂದೇ ಕಡೆಗೆ ತಿರುಚಿದ ಸಲಾಕೆ ಇನ್ನೊಂದು ಬದಿಗೆ ಒಗ್ಗದು. ಅರದಿಂದ ಮಾತ್ರ ಗೀರಬೇಡಿ. ಗೀರಿದಲ್ಲಿಯೇ ಉಕ್ಕು ಬಿರಿಯುವುದು.

ಅರ್ಧ ದಿನ ಹೆಚ್ಚು ಹಿಡಿದರೂ ಚಿಂತೆಯಿಲ್ಲ. ಕಾರಿಗೆ ಬಿಡಿಭಾಗ ಸಿಕ್ಕೀತು, ಕೈಗೆ ಸಿಗದು.